ಆಕಾಶಕ್ಕೆ ಏರುವ ಮುನ್ನ

ಪಲ್ಲಾವರಂ, ಮೀನಂಬಾಕ್ಕಂ ಕಡೆಗಳಿಂದ ಶಾಲೆಗೆ ಬರುವ ವಿದ್ಯಾರ್ಥಿಗಳಿಗೆ ವಿಮಾನವೆಂಬುದು ಕೌತುಕದ ವಸ್ತುವಾಗಿ ಉಳಿದಿಲ್ಲ. ಅದರ ಸದ್ದು ಕೇಳಿದರೆ ಅವರು ತಲೆಯೆತ್ತಿಯೂ ನೋಡುವುದಿಲ್ಲ. ಆದರೆ ಅದೇ ಪಲ್ಲಾವರದ ಬಯಲಿನಲ್ಲಿ, ನೂರು ವರ್ಷಗಳಿಗೂ ಹಿಂದೆ, ಈ ನಗರದ ಹೋಟೆಲು ಮಾಲಿಕರೊಬ್ಬರು ತಾವೇ ನಕ್ಷೆ ಹಾಕಿ ಕಟ್ಟಿಸಿದ ವಿಮಾನವನ್ನು ಪರೀಕ್ಷೆಗೆ ಒಡ್ಡಿದರೆಂಬುದು ನಮ್ಮಲ್ಲಿ ಬಹು ಮಂದಿಗೆ ತಿಳಿಯದು. ಅವರ ಹೆಸರು ಜಿಯಾಕೊಮೊ ಡಿ'ಆಂಜೆಲಿಸ್. ಕಾರ್ಸಿಕಾ ದ್ವೀಪದಿಂದ ಬಂದು ಮದರಾಸಿನಲ್ಲಿ ನೆಲಸಿ, ಇಂದು ಅಣ್ಣಾ ಸಾಲೈ ಎಂದು ಕರೆಯುವ ಮೌಂಟ್ ರಸ್ತೆಯಲ್ಲಿ ತಿಂಡಿತಿನಿಸುಗಳ ವ್ಯಾಪಾರವನ್ನೂ ಹೋಟೆಲನ್ನೂ ನಡೆಸುತ್ತಿದ್ದವರು. 1909ರ ಜುಲೈ ತಿಂಗಳಲ್ಲಿ ಬ್ಲೇರಿಯೊ ಎಂಬ ಫ್ರೆಂಚರು ಇಂಗ್ಲಿಷ್ ಕಡಲ್ಗಾಲುವೆಯನ್ನು ವಿಮಾನದಲ್ಲಿ ದಾಟಿದ ಸುದ್ದಿ ಆಗ ಜಗತ್ತಿಗೆಲ್ಲ ಹಬ್ಬಿತ್ತು. ಡಿ'ಆಂಜೆಲಿಸರು ಸಿಂಪ್ಸನ್ ಕಂಪನಿಯ ಕಾರ್ಖಾನೆಯ ನೆರವಿನಿಂದ ತಮ್ಮ ವಿಮಾನವನ್ನು ಕಟ್ಟಿಸಿ, ಪಲ್ಲಾವರದಲ್ಲಿ ಪರೀಕ್ಷಿಸಿ, 1910ರ ಮಾರ್ಚ್ ತಿಂಗಳಲ್ಲಿ ಐಲೆಂಡ್ ಮೈದಾನದಲ್ಲಿ, ಅಂದರೆ ನೀವೆಲ್ಲ ವಸ್ತುಪ್ರದರ್ಶನ ನೋಡಲು ಹೋಗುವ ತೀವುತ್ತಿಡಲ್‌ನಲ್ಲಿ, ಹಣ ಕೊಟ್ಟು ಬಂದ ಜನರೆದುರು ಹಾರಿಸಿ ತೋರಿಸಿದರು.

ಇದು ಸಾಹಸವೇ ಸರಿ. ಆದರೆ ಆ ಕಾಲದ ಸಾಹಸಗಳಲ್ಲಿ ಒಂದು ಭಯಂಕರವಾದ ಕೊರತೆಯಿತ್ತು. ವಿಮಾನ ಹಾರುವುದೋ ಬೀಳುವುದೋ ಎಂಬುದನ್ನು ತಿಳಿಯಲು, ಅನೇಕರಿಗೆ ಅದರಲ್ಲಿ ಕುಳಿತು ಏರುವುದನ್ನು ಬಿಟ್ಟು ಬೇರೆ ಮಾರ್ಗವೇ ಇರಲಿಲ್ಲ. ಜರ್ಮನಿಯ ಒಟ್ಟೊ ಲಿಲಿಯೆಂತಾಲರು ಎಂಜಿನ್ ಇಲ್ಲದ ರೆಕ್ಕೆಗಳನ್ನು ಕಟ್ಟಿಕೊಂಡು ಗುಡ್ಡದಿಂದ ಗಾಳಿಗೆ ಜಿಗಿದು ಸುಮಾರು ಎರಡು ಸಾವಿರ ಸಲ ತೇಲಿದರು; 1896ರ ಆಗಸ್ಟ್ ತಿಂಗಳಲ್ಲಿ ಒಂದು ಸಲ ಗಾಳಿ ಕೈಕೊಟ್ಟಿತು, ಬಿದ್ದು ಮರುದಿನ ತೀರಿಕೊಂಡರು. ಪರೀಕ್ಷೆಗೆ ಒಡ್ಡುವ ವಸ್ತು ಮತ್ತು ಪರೀಕ್ಷಿಸುವವನ ಪ್ರಾಣ ಇವೆರಡನ್ನೂ ಬೇರೆ ಬೇರೆ ಮಾಡಲಾದೀತೇ? ಈ ಪ್ರಶ್ನೆಗೆ ಸಿಕ್ಕ ಉತ್ತರವನ್ನು ನಾವು ಇಲ್ಲಿ ವಿವರಿಸಬಯಸುತ್ತೇವೆ.

ಉತ್ತರದ ಬೀಜ ಗಾಳಿಪಟದಲ್ಲಿದೆ. ನಮ್ಮ ನಾಡಿನಲ್ಲಿ ಆಷಾಢದ ಗಾಳಿಗೆ ಪಟ ಹಾರಿಸುವುದು ಹುಡುಗರ ಹಬ್ಬ. ಪಟವು ದಾರದ ತುದಿಯಲ್ಲಿ ಹೆಚ್ಚುಕಡಮೆ ನಿಂತಲ್ಲೇ ನಿಂತಿರುತ್ತದೆ, ಓಡುವುದು ಗಾಳಿ. ಗಾಳಿಯಿಲ್ಲದ ದಿನ ನಾವೇ ದಾರ ಹಿಡಿದು ಓಡುತ್ತೇವೆ. ಆಗ ಗಾಳಿ ನಿಂತಿರುತ್ತದೆ, ಪಟ ಓಡುತ್ತದೆ. ಎರಡು ಸಂದರ್ಭಗಳಲ್ಲಿಯೂ ಪಟ ಏರುತ್ತದೆ. ಓಡುತ್ತಿರುವುದು ತಾನೋ ಗಾಳಿಯೋ ಎಂಬುದು ಪಟಕ್ಕೆ ಗೊತ್ತಾಗುವುದಿಲ್ಲ. ಎರಡರ ನಡುವಣ ವೇಗ ಎಷ್ಟೆಂಬುದೊಂದೇ ಅದಕ್ಕೆ ಲೆಕ್ಕ. ಹಾಗಾದರೆ ವಿಮಾನವನ್ನು ಆಕಾಶದಲ್ಲಿ ಓಡಿಸುವುದಕ್ಕೆ ಬದಲಾಗಿ, ಅದರ ಚಿಕ್ಕದೊಂದು ಪ್ರತಿಕೃತಿಯನ್ನು ಒಂದು ಕೊಳವೆಯೊಳಗೆ ನಿಲ್ಲಿಸಿ, ದೊಡ್ಡ ಬೀಸಣಿಗೆಯಿಂದ ಅದರ ಮೇಲೆ ಗಾಳಿಯನ್ನು ಹಾಯಿಸಿದರೆ ಸಾಕಲ್ಲವೇ? ಬಿದ್ದರೆ ಮರದ ತುಂಡು ಬೀಳುತ್ತದೆ, ಮನುಷ್ಯನು ಬೀಳುವುದಿಲ್ಲ. ಈ ಕೊಳವೆಗೆ ವಾಯುಸುರಂಗವೆಂದು ಹೆಸರು. ಇಂಗ್ಲೆಂಡಿನ ಫ್ರಾನ್ಸಿಸ್ ವೆನ್‌ಹ್ಯಾಮ್ 1871ರಲ್ಲಿ ಮೊದಲನೆಯದನ್ನು ಕಟ್ಟಿದರು.

ಅದರ ಬೆಲೆಯನ್ನು ಜಗತ್ತಿಗೆ ತೋರಿಸಿಕೊಟ್ಟವರು ಅಮೆರಿಕದ ರೈಟ್ ಸೋದರರು. ಅವರು ಬೈಸಿಕಲ್ ಅಂಗಡಿ ಇಟ್ಟುಕೊಂಡಿದ್ದವರು, ದೊಡ್ಡ ಪದವಿಗಳನ್ನು ಪಡೆದವರಲ್ಲ. (ಮೆಟ್ರಿಕ್ಯುಲೇಷನ್ನಿಗೆ ಓದು ನಿಲ್ಲಿಸಿ ಮಾಸ್ತರಿಕೆಗೆ ಬಂದ ನಮ್ಮಂಥವರಿಗೆ ಇದನ್ನು ಹೇಳುವುದೆಂದರೆ ಒಂದು ಬಗೆಯ ಸಂತೋಷ.) 1900 ಮತ್ತು 1901ರಲ್ಲಿ ಅವರು ಕಟ್ಟಿದ ಗ್ಲೈಡರುಗಳು ಪುಸ್ತಕಗಳ ಲೆಕ್ಕದಂತೆ ಎತ್ತಬೇಕಾದಷ್ಟು ಭಾರವನ್ನು ಎತ್ತಲಿಲ್ಲ. ಇತರರು ಇಂಥ ಸ್ಥಿತಿಯಲ್ಲಿ ರೆಕ್ಕೆಯನ್ನು ಇನ್ನಷ್ಟು ಉದ್ದ ಮಾಡಿ ಮತ್ತೆ ಗುಡ್ಡ ಹತ್ತುತ್ತಿದ್ದರು. ಸೋದರರು ಪುಸ್ತಕದ ಲೆಕ್ಕವನ್ನೇ ಸಂಶಯಿಸಿದರು. ಆರು ಅಡಿ ಉದ್ದ, ಹದಿನಾರು ಅಂಗುಲ ಅಗಲ ಹಾಗೂ ಎತ್ತರವಿದ್ದ ಮರದ ಪೆಟ್ಟಿಗೆಯೊಂದನ್ನು ಮಾಡಿ, ಒಂದು ತುದಿಗೆ ಬೀಸಣಿಗೆಯನ್ನಿಟ್ಟು, ಒಳಗೆ ಗರಗಸದ ಹಳೆಯ ಅಲಗುಗಳಿಂದಲೂ ಬೈಸಿಕಲ್ ಚಕ್ರದ ಕಡ್ಡಿಗಳಿಂದಲೂ ತಕ್ಕಡಿಯನ್ನು ರಚಿಸಿದರು. ಅಂಗೈಯಗಲದ ತಗಡಿನ ರೆಕ್ಕೆಗಳನ್ನು ಅದಕ್ಕೆ ಸಿಕ್ಕಿಸಿ, 1901ರ ಚಳಿಗಾಲದಲ್ಲಿ ಸುಮಾರು ಇನ್ನೂರು ಬಗೆಯ ಆಕಾರಗಳನ್ನು ಪರೀಕ್ಷಿಸಿದರು. ಗಾಳಿಯ ಒತ್ತಡವನ್ನು ಲೆಕ್ಕ ಹಾಕಲು ಹದಿನೆಂಟನೆಯ ಶತಮಾನದಿಂದ ಎಲ್ಲರೂ ಕಣ್ಣು ಮುಚ್ಚಿ ಬಳಸುತ್ತಿದ್ದ ಒಂದು ಅಂಕಿ 0.005 ಎಂದಿತ್ತು; ಅದು ಸುಮಾರು 0.0033 ಇರಬೇಕೆಂದು ಅವರಿಗೆ ಕಂಡುಬಂದಿತು. ಮೂರರಲ್ಲಿ ಒಂದು ಪಾಲು ಸುಳ್ಳು! ಲಿಲಿಯೆಂತಾಲರ ಅಳತೆಗಳಾದರೋ ಬಹುಮಟ್ಟಿಗೆ ಸರಿಯಾಗಿಯೇ ಇದ್ದುವೆಂದು ಅದೇ ಪೆಟ್ಟಿಗೆ ಸಾಕ್ಷಿ ನುಡಿಯಿತು. 1903ರ ಡಿಸೆಂಬರ್ 17ರಂದು ಅವರ ವಿಮಾನ ಹನ್ನೆರಡು ಸೆಕೆಂಡು ಹಾರಿ 120 ಅಡಿ ದೂರ ಹೋದುದನ್ನು ಎಲ್ಲ ಪಾಠಪುಸ್ತಕಗಳೂ ಹೇಳುತ್ತವೆ. ಆ ಮರದ ಪೆಟ್ಟಿಗೆಯನ್ನು ಹೇಳುವ ಪುಸ್ತಕಗಳು ಕಡಮೆ.

ಇಷ್ಟು ಸೂಕ್ಷ್ಮವಾಗಿ ಅಳೆಯಬೇಕಾದರೂ ಏಕೆ? ಒಂದು ಲೆಕ್ಕವನ್ನು ನೋಡೋಣ. ಮುಂದೆ ಹೇಳಲಿರುವ ಎಚ್.ಟಿ.-2 ಎಂಬ ಬೆಂಗಳೂರಿನ ವಿಮಾನದ ಪೂರ್ಣ ಭಾರ ಸುಮಾರು 1016 ಕಿಲೋಗ್ರಾಮ್, ರೆಕ್ಕೆಯ ವಿಸ್ತೀರ್ಣ ಸುಮಾರು 16 ಚದರ ಮೀಟರ್. ಭಾಗಿಸಿ ನೋಡಿರಿ: ಪ್ರತಿ ಚದರ ಮೀಟರ್ ರೆಕ್ಕೆಯೂ ಸುಮಾರು 63 ಕಿಲೋ, ಎಂದರೆ ಒಬ್ಬ ದೊಡ್ಡ ಮನುಷ್ಯನಷ್ಟು ಭಾರವನ್ನು ಹೊರಬೇಕು. ನಮ್ಮನ್ನು ಸುತ್ತುವರಿದ ವಾತಾವರಣವು ಪ್ರತಿ ಚದರ ಮೀಟರಿನ ಮೇಲೆ ಹತ್ತು ಸಾವಿರ ಕಿಲೋ ತೂಕಕ್ಕೂ ಮಿಗಿಲಾಗಿ ಒತ್ತುತ್ತಿರುತ್ತದೆ. ರೆಕ್ಕೆಯ ಕೆಳಮೈಯನ್ನು ಒತ್ತುವ ಗಾಳಿ ಮೇಲ್ಮೈಯನ್ನು ಒತ್ತುವ ಗಾಳಿಗಿಂತ ಕೇವಲ 63 ಕಿಲೋದಷ್ಟು ಹೆಚ್ಚಾಗಿದ್ದರೆ ಸಾಕು, ವಿಮಾನ ನಿಲ್ಲುತ್ತದೆ. ನೂರರಲ್ಲಿ ಒಂದು ಪಾಲೂ ಇಲ್ಲದ ಈ ವ್ಯತ್ಯಾಸದ ಮೇಲೆ ಎರಡು ಜೀವಗಳು ಕುಳಿತಿರುತ್ತವೆ. ರೆಕ್ಕೆಯ ಬಾಗು ಸ್ವಲ್ಪ ತಪ್ಪಿದರೂ ಮೂಗನ್ನು ಅಳತೆ ಮೀರಿ ಮೇಲೆತ್ತಿದರೂ ಮೇಲ್ಮೈಯ ಗಾಳಿ ರೆಕ್ಕೆಗೆ ಅಂಟಿಕೊಂಡು ಹರಿಯದೆ ಕಿತ್ತುಕೊಂಡು ಸುಳಿಸುಳಿಯಾಗುತ್ತದೆ. ಎತ್ತುವ ಬಲ ಒಮ್ಮೆಗೇ ಕುಸಿಯುತ್ತದೆ. ಇದಕ್ಕೆ ಸ್ಟಾಲ್ ಎನ್ನುವರು. ಯಾವ ಕೋನದಲ್ಲಿ, ಯಾವ ವೇಗದಲ್ಲಿ ಇದು ಸಂಭವಿಸುವುದೆಂದು ಚಾಲಕನಿಗೆ ಮೊದಲೇ ತಿಳಿದಿರಬೇಕು.

ಹಾಗೆಂದು ಸುರಂಗ ಹೇಳಿದ್ದೆಲ್ಲ ವೇದವಾಕ್ಯವಲ್ಲ. ಚಿಕ್ಕ ಪ್ರತಿಕೃತಿಯ ಸುತ್ತ ಹರಿಯುವ ಗಾಳಿಯ ನಡೆ ದೊಡ್ಡ ವಿಮಾನದ ಸುತ್ತಣ ನಡೆಯಂತೆಯೇ ಇರುವುದಿಲ್ಲ. ಚಿಕ್ಕದಕ್ಕೆ ಅದೇ ಗಾಳಿ ಕೊಂಚ ಗಟ್ಟಿಯಾದ ಪಾಕದಂತೆ ಕಾಣುತ್ತದೆ. ನಿಮ್ಮ ತರಗತಿಯ ಫ್ಯಾನಿನ ರೆಕ್ಕೆಗಳನ್ನು ಗಮನಿಸಿರಿ. ದಿನವೆಲ್ಲ ರಭಸದಿಂದ ತಿರುಗಿದರೂ ಅದರ ಮೇಲಿನ ಧೂಳು ಹಾರಿಹೋಗುವುದಿಲ್ಲ. ಕಾರಣ, ಮೈಗೆ ಅಂಟಿದ ತೆಳುವಾದ ಗಾಳಿಯ ಪದರವು ರೆಕ್ಕೆಯೊಡನೆಯೇ ಸಾಗುತ್ತದೆ. ಈ ಪದರದ ಶಾಸ್ತ್ರವನ್ನು 1904ರಲ್ಲಿ ಮೊದಲು ವಿವರಿಸಿದವರು ಜರ್ಮನಿಯ ಲುಡ್ವಿಗ್ ಪ್ರಾಂಟಲ್. ಚಿಕ್ಕದರಲ್ಲಿ ಅಳೆದುದನ್ನು ದೊಡ್ಡದಕ್ಕೆ ಅನ್ವಯಿಸುವಾಗ ಮಾಡಬೇಕಾದ ತಿದ್ದುಪಡಿಗಳಿಗೆಲ್ಲ ಈ ಪದರವೇ ಮೂಲ.

ಗ್ಯೋಟಿಂಗೆನ್ ನಗರದಲ್ಲಿ ಇದೇ ಪ್ರಾಂಟಲರ ಬಳಿ ಕಲಿತು ಡಾಕ್ಟರ್ ಪದವಿ ಪಡೆದು ಬಂದವರು, ಕೊಲ್ಲಾಪುರದ ಕಡೆಯ ವಿಷ್ಣು ಮಾಧವ ಘಾಟಗೆಯವರು. ವಿಮಾನವಿದ್ಯೆ ಕನ್ನಡನಾಡಿಗೆ ಬಂದ ಕಥೆ ಇವರೊಡನೆ ಹೆಣೆದುಕೊಂಡಿದೆ. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಾಯದಿಂದ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ಯುದ್ಧದ ಕಾಲ; ಕಾರ್ಖಾನೆಗೆ ಕೈ ಬೇಕು, ಕೈಗೆ ಬುದ್ಧಿ ಬೇಕು. ಆದುದರಿಂದ 1942ರ ಡಿಸೆಂಬರಿನಲ್ಲಿ, ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರದ ವಿಭಾಗ ಆರಂಭವಾಯಿತು. ಘಾಟಗೆಯವರು ಅಲ್ಲಿ ಪಾಠ ಹೇಳಿದರು, ಕಾರ್ಖಾನೆಯಲ್ಲಿ ನಕ್ಷೆ ಹಾಕಿದರು. 1951ರ ಆಗಸ್ಟ್ ತಿಂಗಳಲ್ಲಿ ಅವರ ತಂಡದ ಎಚ್.ಟಿ.-2 ಬೆಂಗಳೂರಿನ ಆಕಾಶಕ್ಕೆ ಏರಿತು. ಒಬ್ಬರ ಹಿಂದೆ ಒಬ್ಬರು ಕುಳಿತುಕೊಳ್ಳುವ, ಹಾರಲು ಕಲಿಯುವವರಿಗಾಗಿಯೇ ಮಾಡಿದ ಲೋಹದ ವಿಮಾನ ಅದು. ಕಲಿಯುವವನು ತಪ್ಪು ಮಾಡದೆ ಇರುವನೇ? ಆದುದರಿಂದ ಇಂಥ ವಿಮಾನವನ್ನು ಪರೀಕ್ಷಿಸುವವರು, ಬೇಕೆಂದೇ ಅದನ್ನು ಸ್ಟಾಲಿಗೆ ಒಯ್ದು, ಬುಗುರಿಯಂತೆ ಗಿರಗಿರನೆ ಬೀಳಿಸಿ, ಮತ್ತೆ ನೇರಕ್ಕೆ ಬರುವುದೇ ಎಂದು ನೋಡಬೇಕಾಗುತ್ತದೆ. ನೆಲದ ಮೇಲೆಯೂ ಪರೀಕ್ಷೆಗಳುಂಟು. ರೆಕ್ಕೆಯ ಮೇಲೆ ಭಾರವನ್ನು ಹೇರುತ್ತ ಹೇರುತ್ತ ಅದು ಎಷ್ಟಕ್ಕೆ ಬಾಗುವುದು, ಎಷ್ಟಕ್ಕೆ ಮುರಿಯುವುದು ಎಂದು ಅಳೆಯುತ್ತಾರೆ. ಬೆಲೆಬಾಳುವ ರೆಕ್ಕೆಯನ್ನು ಮುರಿಯುವುದಕ್ಕೆಂದೇ ಮಾಡುವುದು ದುಂದುಗಾರಿಕೆಯೆಂದು ನಿಮಗೆ ತೋರಬಹುದು. ಅದು ಆಕಾಶದಲ್ಲಿ ಮುರಿದರೆ ಆಗುವ ವೆಚ್ಚಕ್ಕೆ ಇದು ಏನೂ ಅಲ್ಲ.

1951ರಲ್ಲಿಯೇ ಸತೀಶ್ ಧವನ್ ಅವರು ವಿಜ್ಞಾನ ಸಂಸ್ಥೆಗೆ ಬಂದು, ಶಬ್ದಕ್ಕಿಂತ ವೇಗವಾಗಿ ಗಾಳಿ ಹಾಯುವ ಸುರಂಗಗಳ ಕೆಲಸಕ್ಕೆ ಕೈಯಿಟ್ಟರು. ಮೊದಲನೆಯದರ ಒಳಗಳತೆ ಕೆಲವೇ ಅಂಗುಲಗಳು. 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ವಿಮಾನ ಪ್ರಯೋಗಾಲಯವು ಬೆಂಗಳೂರಿಗೆ ಬಂದಾಗ ಅದಕ್ಕೆ ಮೊದಲು ದೊರೆತ ನೆಲೆ ಜಯಮಹಲ್ ಅರಮನೆಯ ಕುದುರೆಲಾಯ! ಅಂಥ ಆರಂಭದಿಂದ, 1967ರ ಹೊತ್ತಿಗೆ ಅಲ್ಲಿ 1.2 ಮೀಟರ್ ಚೌಕದ ದೊಡ್ಡ ಸುರಂಗ ಸಿದ್ಧವಾಯಿತು. ಶಬ್ದದ ವೇಗಕ್ಕಿಂತ ಕಡಮೆ, ಅದರ ಆಸುಪಾಸು ಮತ್ತು ಅದನ್ನು ಮೀರಿದ್ದು, ಈ ಮೂರು ಬಗೆಯ ವೇಗಗಳಲ್ಲಿಯೂ ಅಲ್ಲಿ ಪರೀಕ್ಷೆ ನಡೆಯುತ್ತದೆ. ಇಷ್ಟು ವೇಗಕ್ಕೆ ಬೀಸಣಿಗೆ ಸಾಲದು. ಗಾಳಿಯನ್ನು ದೊಡ್ಡ ತೊಟ್ಟಿಗಳಲ್ಲಿ ಅದುಮಿ ತುಂಬಿಟ್ಟು, ಒಮ್ಮೆಗೇ ಬಿಡುತ್ತಾರೆ. ಕೆಲವೇ ಸೆಕೆಂಡುಗಳೊಳಗೆ ಎಲ್ಲ ಅಳತೆಗಳನ್ನೂ ತೆಗೆದುಕೊಳ್ಳಬೇಕು.

ನಮ್ಮ ಚೆನ್ನೈಯೂ ಸುಮ್ಮನಿರಲಿಲ್ಲ. ಪಲ್ಲಾವರಕ್ಕೆ ಅಂಟಿಕೊಂಡ ಕ್ರೋಮ್‌ಪೇಟೆಯಲ್ಲಿ ಸಿ. ರಾಜಂ ಎಂಬ ದಾನಿಗಳು 1949ರಲ್ಲಿ ಸ್ಥಾಪಿಸಿದ ಮದರಾಸು ತಾಂತ್ರಿಕ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ಕಲಿತು, ಹೆಚ್ಚಿನ ತರಬೇತಿಗಾಗಿ ಬೆಂಗಳೂರಿನ ಹಿಂದೂಸ್ಥಾನ್ ಕಾರ್ಖಾನೆಗೆ ರೈಲು ಹತ್ತಿದವರಲ್ಲಿ ರಾಮೇಶ್ವರದ ಒಬ್ಬ ಯುವಕನೂ ಇದ್ದನು. ಅವರೇ ಮುಂದೆ ನಮ್ಮ ರಾಷ್ಟ್ರಪತಿಗಳಾದ ಅಬ್ದುಲ್ ಕಲಾಂ. ಹೊಟ್ಟೆಪಾಡಿಗಾಗಿ ನಮ್ಮಂಥವರು ಬೆಂಗಳೂರಿನಿಂದ ಇತ್ತ ಬಂದರೆ, ಹಾರಾಟದ ವಿದ್ಯೆಗಾಗಿ ಇಲ್ಲಿಯವರು ಅತ್ತ ಹೋದರು.

ಇನ್ನು ಮಾರುತ್. ಭಾರತದಲ್ಲಿ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನವಿದು. 1956ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ಕುರ್ಟ್ ಟಾಂಕ್ ಇದರ ಮುಖ್ಯ ವಿನ್ಯಾಸಕಾರರು. ಸುರಂಗದಲ್ಲಿ ಚಿಕ್ಕದನ್ನು ಅಳೆದದ್ದು ಸಾಲದೆಂದು, ಮಾರುತ್‌ನಷ್ಟೇ ದೊಡ್ಡದಾದ ಮರದ ಗ್ಲೈಡರನ್ನು ಇಲ್ಲಿ ಕಟ್ಟಿದರು. ಎಂಜಿನ್ ಇಲ್ಲದ ಅದನ್ನು ಇನ್ನೊಂದು ವಿಮಾನಕ್ಕೆ ಕಟ್ಟಿ ಎಳೆದೊಯ್ದು ಎತ್ತರದಲ್ಲಿ ಬಿಡುವುದು, ಚಾಲಕನು ಅದನ್ನು ತೇಲಿಸಿ ಇಳಿಸಿ ಗುಣದೋಷಗಳನ್ನು ಬರೆಯುವುದು. 1959ರ ಏಪ್ರಿಲಿನಿಂದ ಒಂದು ವರ್ಷದೊಳಗೆ ಹೀಗೆ 78 ಹಾರಾಟಗಳಾದುವು; 1960ರ ಮಾರ್ಚಿನಲ್ಲಿ ಮುಂದಿನ ಚಕ್ರ ಇಳಿಯದೆ ನೆಲಕ್ಕೆ ತಾಗಿ ಅದು ಜಖಂಗೊಂಡಿತು. ಅಷ್ಟರಲ್ಲಿ ತಿಳಿಯಬೇಕಾದುದು ತಿಳಿದಿತ್ತು. 1961ರ ಜೂನ್ 17ರಂದು ವಾಯುಸೇನೆಯ ಸುರಂಜನ್ ದಾಸ್ ನಿಜವಾದ ಮಾರುತ್ ಅನ್ನು ಮೊದಲ ಬಾರಿಗೆ ಹಾರಿಸಿದರು.

ಆಕಾರವು ಬಲು ಸೊಗಸಾಗಿತ್ತು. ಸಾಕಷ್ಟು ಬಲದ ಎಂಜಿನ್ ಮಾತ್ರ ಕೊನೆಯವರೆಗೂ ದೊರೆಯಲಿಲ್ಲ. ನೇರ ಹಾರಾಟದಲ್ಲಿ ಶಬ್ದದ ವೇಗವನ್ನು ಮೀರಬೇಕೆಂಬ ಆಸೆ ಹಾಗೆಯೇ ಉಳಿಯಿತು. ಇದ್ದ ಎಂಜಿನ್ನಿಗೇ ಹೆಚ್ಚಿನ ಬಲ ಕೂಡಿಸುವ ಏರ್ಪಾಡಿನ ವಿಮಾನವನ್ನು ಪರೀಕ್ಷಿಸಲು 1970ರ ಜನವರಿ 10ರಂದು ಏರಿದ ಗ್ರೂಪ್ ಕ್ಯಾಪ್ಟನ್ ದಾಸ್ ಬೆಂಗಳೂರಿನಲ್ಲಿಯೇ ಅಪಘಾತಕ್ಕೆ ಈಡಾಗಿ ಮೃತರಾದರು. ಸುರಂಗ, ತಕ್ಕಡಿ, ಗ್ಲೈಡರು ಇವೆಲ್ಲ ಅಪಾಯವನ್ನು ಬಹಳ ಕಡಮೆ ಮಾಡಿದುವು. ಕೊನೆಯ ಪರೀಕ್ಷೆಗೆ ಮಾತ್ರ ಆಗಲೂ ಒಬ್ಬ ಮನುಷ್ಯ ಕುಳಿತುಕೊಳ್ಳಬೇಕಾಗಿತ್ತು. ರಜೆಯಲ್ಲಿ ನೆಂಟರ ಮನೆಗೆಂದು ಬೆಂಗಳೂರಿಗೆ ಹೋಗುವವರು ವಿಮಾನ ಕಾರ್ಖಾನೆಯ ಬಳಿ ಸುರಂಜನ್ ದಾಸ್ ರಸ್ತೆ ಎಂಬ ಫಲಕವನ್ನು ಕಾಣಬಹುದು. ಬಸ್ಸಿನಲ್ಲಿ ಆ ದಾರಿಯಾಗಿ ಹೋಗುವ ಎಷ್ಟು ಮಂದಿ ಅವರಾರೆಂದು ಬಲ್ಲರೋ!

ಅನಂತರದ ಕಥೆಯನ್ನು ನೀವು ಪತ್ರಿಕೆಗಳಲ್ಲಿ ಓದಿಯೇ ಇರುವಿರಿ. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ವಿಮಾನದ ಪ್ರತಿಕೃತಿಗಳು ಆ 1.2 ಮೀಟರ್ ಸುರಂಗದ ಗಾಳಿಯನ್ನು ಎದುರಿಸಿ ಬಂದುವು. ಕಂಪ್ಯೂಟರುಗಳು ಲೆಕ್ಕಕ್ಕೆ ಜತೆಗೂಡಿದುವು. 2001ರ ಜನವರಿ 4ರಂದು ವಿಂಗ್ ಕಮ್ಯಾಂಡರ್ ರಾಜೀವ್ ಕೋಥಿಯಾಲ್ ಅದನ್ನು ಮೊದಲು ಹಾರಿಸಿದರು. ಅಲ್ಲಿಂದ ಮುಂದೆ ಹದಿನೈದು ವರ್ಷಗಳ ಕಾಲ ಪರೀಕ್ಷೆಯ ಮೇಲೆ ಪರೀಕ್ಷೆ ನಡೆದು, 2016ರ ಜುಲೈ 1ರಂದು ಅದರ ಮೊದಲ ಪಡೆ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಎರಡು ವರ್ಷಗಳ ಬಳಿಕ ಆ ಪಡೆ ನಮ್ಮ ಈ ರಾಜ್ಯದ ಕೊಯಮತ್ತೂರಿನ ಬಳಿಯ ಸೂಲೂರಿಗೆ ಬಂದಿಳಿಯಿತು.