ನಿವೇಶನ ವಿಭಜನೆ (ಕರ್ನಾಟಕ)

ನಿವೇಶನ ವಿಭಜನೆ ಎಂದರೆ ಒಂದು ನಿವೇಶನವನ್ನು ಅಥವಾ ಜಮೀನನ್ನು ಮನೆ ಕಟ್ಟುವ ಉದ್ದೇಶದಿಂದ ಎರಡು ಅಥವಾ ಹೆಚ್ಚು ಭಾಗಗಳಾಗಿ ವಿಂಗಡಿಸುವುದು. ಕರ್ನಾಟಕದಲ್ಲಿ ಇದಕ್ಕೆ ಯೋಜನಾ ಪ್ರಾಧಿಕಾರದ ಅನುಮೋದನೆ ಅಗತ್ಯ. ಅನುಮೋದನೆಯಿಲ್ಲದೆ ಕೃಷಿ ಜಮೀನನ್ನು ತುಂಡು ಮಾಡಿ ಮಾರಿದ ನಿವೇಶನಗಳನ್ನು ರೂಢಿಯಲ್ಲಿ 'ಕಂದಾಯ ನಿವೇಶನ' ಅಥವಾ 'ರೆವಿನ್ಯೂ ಸೈಟ್' ಎನ್ನುತ್ತಾರೆ.

ಕಾನೂನು

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 17ನೇ ಪ್ರಕರಣದಂತೆ, ನಿವೇಶನವನ್ನು ವಿಭಜಿಸುವ ಅಥವಾ ಅದರಲ್ಲಿ ಖಾಸಗಿ ರಸ್ತೆ ನಿರ್ಮಿಸುವ ವ್ಯಕ್ತಿಯು ವಿನ್ಯಾಸ ನಕ್ಷೆಯನ್ನು ಯೋಜನಾ ಪ್ರಾಧಿಕಾರಕ್ಕೆ ಸಲ್ಲಿಸಬೇಕು. ಪ್ರಾಧಿಕಾರವು ಅದನ್ನು ಮಂಜೂರು ಮಾಡಬಹುದು, ಮಾರ್ಪಾಡುಗಳನ್ನು ಸೂಚಿಸಬಹುದು ಅಥವಾ ನಿರಾಕರಿಸಬಹುದು. ಜಮೀನು ಕೃಷಿ ಭೂಮಿಯಾಗಿದ್ದರೆ, ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 95ನೇ ಪ್ರಕರಣದ ಪ್ರಕಾರ ಭೂಪರಿವರ್ತನೆಯೂ ಆಗಬೇಕು. ಭೂಪರಿವರ್ತನೆ ಮತ್ತು ವಿನ್ಯಾಸ ಅನುಮೋದನೆ ಎರಡೂ ಬೇರೆ ಬೇರೆ. ಒಂದು ದೊರೆತ ಮಾತ್ರಕ್ಕೆ ಇನ್ನೊಂದು ದೊರೆತಂತಾಗುವುದಿಲ್ಲ.

ವಿಭಜನೆಯ ಲೆಕ್ಕ

ಒಂದು ಎಕರೆ ಎಂದರೆ 40 ಗುಂಟೆ, ಅಂದರೆ 43,560 ಚದರ ಅಡಿ. ಇಡೀ ಎಕರೆಯನ್ನು 30×40 ಅಡಿ ಅಳತೆಯಲ್ಲಿ ತುಂಡು ಮಾಡಿದರೆ ಲೆಕ್ಕಕ್ಕೆ 36 ನಿವೇಶನಗಳು ಸಿಗುತ್ತವೆ. ರಸ್ತೆ, ಉದ್ಯಾನ ಮತ್ತು ನಾಗರಿಕ ಸೌಲಭ್ಯಗಳಿಗೆ ಶೇ. 45ರಷ್ಟು ಬಿಟ್ಟರೆ 19 ಮಾತ್ರ ಉಳಿಯುತ್ತವೆ. ಅನಧಿಕೃತ ಬಡಾವಣೆಗಳ ಲಾಭದ ಮೂಲ ಈ ವ್ಯತ್ಯಾಸವೇ. ಮಾರಾಟಗಾರನು ಬಿಡದ ಜಾಗದ ಪರಿಣಾಮವನ್ನು ಮುಂದೆ ನಿವಾಸಿಗಳೂ ಸ್ಥಳೀಯ ಸಂಸ್ಥೆಯೂ ಇಕ್ಕಟ್ಟಾದ ರಸ್ತೆ ಮತ್ತು ಚರಂಡಿಯಿಲ್ಲದ ಬೀದಿಗಳ ರೂಪದಲ್ಲಿ ಅನುಭವಿಸಬೇಕಾಗುತ್ತದೆ.

ನೋಂದಣಿ ಮತ್ತು ಖಾತೆ

ಸರ್ವೆ ನಂಬರಿನ ಒಂದು ಭಾಗವನ್ನು ಮಾರುವಾಗ '11ಇ ನಕ್ಷೆ' ಬೇಕಾಗುತ್ತದೆ. ಸರ್ವೆ ದಾಖಲೆಯಲ್ಲಿ ಆ ಭಾಗವನ್ನು ಪ್ರತ್ಯೇಕಿಸುವುದನ್ನು 'ಪೋಡಿ' ಎನ್ನುತ್ತಾರೆ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತು ವ್ಯವಸ್ಥೆಯ ಮೂಲಕ ಕ್ರಮಬದ್ಧ ಆಸ್ತಿಗಳಿಗೆ ನಮೂನೆ 9 ಮತ್ತು 11ಎ, ಇತರ ಆಸ್ತಿಗಳಿಗೆ 11ಬಿ ನೀಡಲಾಗುತ್ತದೆ. ಖಾತೆಯು ಮುಖ್ಯವಾಗಿ ತೆರಿಗೆಯ ದಾಖಲೆ. ಅದು ಮಾಲೀಕತ್ವದ ಹಕ್ಕುಪತ್ರವಲ್ಲ. ಆದ್ದರಿಂದ ಕ್ರಯಪತ್ರ ನೋಂದಣಿಯಾಗಿ ಖಾತೆ ಬದಲಾಗಿದ್ದರೂ ನಿವೇಶನದ ವಿಭಜನೆ ಅನಧಿಕೃತವಾಗಿಯೇ ಉಳಿಯಬಹುದು. ಇಂತಹ ನಿವೇಶನದ ಮೇಲೆ ಬ್ಯಾಂಕ್ ಸಾಲ ಮತ್ತು ಕಟ್ಟಡ ಪರವಾನಗಿ ಪಡೆಯುವುದು ಕಷ್ಟವಾಗುತ್ತದೆ.

ಕಾಫಿ ಬೆಳೆಯುವ ಪ್ರದೇಶ

ಚಿಕ್ಕಮಗಳೂರು, ಮೂಡಿಗೆರೆ ಮತ್ತು ಹಿಂದೆ ಮೂಡಿಗೆರೆ ತಾಲ್ಲೂಕಿಗೆ ಸೇರಿದ್ದ ಕಳಸ ಭಾಗಗಳಲ್ಲಿ ವಿಭಜನೆಯ ಪ್ರಶ್ನೆಗೆ ಮತ್ತೊಂದು ಮುಖವಿದೆ. ಕರ್ನಾಟಕ ಭೂಸುಧಾರಣಾ ಕಾಯ್ದೆ, 1961ರ 104ನೇ ಪ್ರಕರಣವು ಕಾಫಿ, ಏಲಕ್ಕಿ, ಮೆಣಸು ಮುಂತಾದ ತೋಟಗಳಿಗೆ ಭೂಮಿತಿಯಿಂದ ವಿನಾಯಿತಿ ನೀಡಿದೆ. ಈ ವಿನಾಯಿತಿ ತೋಟದ ಬೆಳೆಗೆ ಸಂಬಂಧಿಸಿದ್ದು. ತೋಟವನ್ನು ಮನೆ ನಿವೇಶನಗಳಾಗಿ ವಿಭಜಿಸಲು ಅದು ಅನುಮತಿಯಾಗದು. ಇಳಿಜಾರಿನಲ್ಲಿ ನಿವೇಶನ ಮಾಡಲು ನೆರಳಿನ ಮರಗಳನ್ನು ಕಡಿದು, ಗುಡ್ಡವನ್ನು ಕತ್ತರಿಸಿ ಸಮತಟ್ಟು ಮಾಡಬೇಕಾಗುತ್ತದೆ. ಇದರಿಂದ ಮಳೆನೀರಿನ ಹರಿವು ಬದಲಾಗಿ ಮಣ್ಣು ಸಡಿಲಗೊಳ್ಳುತ್ತದೆ. 2019ರ ಆಗಸ್ಟ್‌ನ ಭಾರಿ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ ಮುಂತಾದೆಡೆ ಗುಡ್ಡ ಕುಸಿದು ಮನೆ ಮತ್ತು ತೋಟಗಳು ಹಾಳಾದವು. ಆದ್ದರಿಂದ ಮಲೆನಾಡಿನಲ್ಲಿ ವಿಭಜನೆಯ ನಿಯಂತ್ರಣವು ರಸ್ತೆಯ ಅಗಲದಷ್ಟೇ ಇಳಿಜಾರಿನ ಸುರಕ್ಷತೆಗೂ ಸಂಬಂಧಿಸಿದೆ.

ಸಕ್ರಮ ವಿವಾದ

ಅನಧಿಕೃತ ವಿಭಜನೆ ಮತ್ತು ಕಟ್ಟಡಗಳನ್ನು ದಂಡ ಪಡೆದು ಕ್ರಮಬದ್ಧಗೊಳಿಸಲು ಯೋಜನಾ ಕಾಯ್ದೆಗೆ 76ಎಫ್ಎಫ್ ಪ್ರಕರಣವನ್ನು ಸೇರಿಸಲಾಯಿತು. ಇದು 'ಅಕ್ರಮ-ಸಕ್ರಮ' ಎಂದು ಪ್ರಸಿದ್ಧವಾಗಿದೆ. ಇದರ ನಿಯಮಗಳು 2014ರಲ್ಲಿ ಬಂದವು. 2016ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಯೋಜನೆಯನ್ನು ಎತ್ತಿಹಿಡಿಯಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು.

ಜೀವಮಾನದ ಉಳಿತಾಯದಿಂದ ನಿವೇಶನ ಕೊಂಡವರನ್ನು ಬೀದಿಗೆ ತಳ್ಳಬಾರದು ಎಂಬುದು ಸಕ್ರಮದ ಪರವಾದ ವಾದ. ಸಕ್ರಮದ ನಿರೀಕ್ಷೆಯೇ ಹೊಸ ಅಕ್ರಮಕ್ಕೆ ಪ್ರೇರಣೆಯಾಗುತ್ತದೆ ಮತ್ತು ನಿಯಮ ಪಾಲಿಸಿದವರಿಗೆ ಅನ್ಯಾಯವಾಗುತ್ತದೆ ಎಂಬುದು ವಿರೋಧಿಗಳ ವಾದ. 2025ರಲ್ಲಿ ರಾಜ್ಯ ಸರ್ಕಾರವು ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯ ಅನಧಿಕೃತ ಆಸ್ತಿಗಳಿಗೆ 'ಬಿ ಖಾತೆ' ನೀಡುವ ಅಭಿಯಾನ ಕೈಗೊಂಡಿತು. ಇದರಿಂದ ಆಸ್ತಿಗಳು ತೆರಿಗೆಯ ವ್ಯಾಪ್ತಿಗೆ ಬರುತ್ತವೆ. ಆದರೆ ಬಿ ಖಾತೆ ದೊರೆತ ಮಾತ್ರಕ್ಕೆ ಬಡಾವಣೆಯ ವಿನ್ಯಾಸ ಅನುಮೋದನೆಗೊಂಡಂತಾಗುವುದಿಲ್ಲ.