ನಿಶ್ಚಿತಾರ್ಥದ ಉಂಗುರಕ್ಕೆ ‘ಎಮರಾಲ್ಡ್ ಕಟ್’ ವಜ್ರ

ಎಲೆ-ಅಡಿಕೆಯ ಸಾಕ್ಷಿಯಲ್ಲಿ ಮದುವೆಯ ಮಾತು ನಿಶ್ಚಯವಾಗುವುದು ನಮ್ಮ ಮನೆತನಗಳಲ್ಲಿ ತಲೆತಲಾಂತರದಿಂದ ನಡೆದುಬಂದ ರೂಢಿ. ವಧೂವರರು ಉಂಗುರ ಬದಲಾಯಿಸಿಕೊಳ್ಳುವ ಪದ್ಧತಿಯೂ ಇಂದು ಅದರೊಡನೆ ಸೇರಿಕೊಂಡಿದೆ. ಹಿಂದೆ ಚಿನ್ನದ ಸಾದಾ ಉಂಗುರ ಸಾಕಾಗುತ್ತಿತ್ತು. ಈಗ ಮಕ್ಕಳು ವಜ್ರದ ಉಂಗುರವನ್ನು, ಕೆಲವರಂತೂ ‘ಎಮರಾಲ್ಡ್ ಕಟ್’ ಎಂದು ಆಕಾರದ ಹೆಸರನ್ನೇ ಹೇಳಿ ಕೇಳುತ್ತಾರೆ. ಹಣ ತೆರುವ ಹಿರಿಯರಿಗೆ ಮಾತ್ರ ಅದೇನೆಂಬುದು ತಿಳಿದಿರುವುದಿಲ್ಲ.

ಆಪ್ತರೊಬ್ಬರ ಮಗನ ನಿಶ್ಚಿತಾರ್ಥಕ್ಕೆ ಉಂಗುರ ಕೊಳ್ಳಲು ಹುಬ್ಬಳ್ಳಿಯ ಅಂಗಡಿಯೊಂದಕ್ಕೆ ಎರಡೂ ಮನೆಯವರೊಡನೆ ನಾನೂ ಹೋಗಿದ್ದೆ. ಹುಡುಗನ ಅಜ್ಜಿ ಹರಳನ್ನು ಕಂಡೊಡನೆ, “ಪಚ್ಚೆದುಂಗುರ ಅಂದಿದ್ದೆಲ್ಲೋ ತಮ್ಮಾ, ಹಸರು ಎಲ್ಲೈತಿ?” ಎಂದು ಕೇಳಿದರು. ಎಲ್ಲರೂ ನಕ್ಕರು. ಆದರೆ ಆ ಪ್ರಶ್ನೆ ನಗುವಂಥದೇನೂ ಆಗಿರಲಿಲ್ಲ.

ಹೆಸರು ಪಚ್ಚೆಯದೇ. ಪಚ್ಚೆಯಲ್ಲಿ ಸಹಜವಾಗಿಯೇ ಒಳಬಿರುಕುಗಳು ಹೆಚ್ಚು. ಚೂಪಾದ ಮೂಲೆಗಳು ಬೇಗನೆ ಒಡೆಯುತ್ತವೆ. ಆದುದರಿಂದ ಹರಳು ಕೊರೆಯುವವರು ಅದನ್ನು ಆಯತಾಕಾರಕ್ಕೆ ತಂದು, ನಾಲ್ಕೂ ಮೂಲೆಗಳನ್ನು ಕತ್ತರಿಸಿ, ಬದಿಗಳನ್ನು ಮೆಟ್ಟಿಲುಗಳಂತೆ ಕೊರೆದರು. ಅದೇ ವಿನ್ಯಾಸವನ್ನು ಮುಂದೆ ವಜ್ರಕ್ಕೂ ಅಳವಡಿಸಲಾಯಿತು. 1956ರಲ್ಲಿ ಮೊನಾಕೊದ ರಾಜಕುಮಾರನನ್ನು ವರಿಸಿದ ಚಿತ್ರನಟಿ ಗ್ರೇಸ್ ಕೆಲ್ಲಿಯ ನಿಶ್ಚಿತಾರ್ಥದ ಉಂಗುರದಲ್ಲಿದ್ದುದು ಇಂಥದೇ 10.47 ಕ್ಯಾರೆಟ್ ವಜ್ರ.

ದುಂಡನೆಯ ವಜ್ರದಲ್ಲಿ ಚಿಕ್ಕ ಚಿಕ್ಕ ಮುಖಗಳು ಬೆಳಕನ್ನು ಚೂರುಚೂರಾಗಿ ಚೆಲ್ಲುತ್ತವೆ. ಆ ಮಿನುಗಿನಲ್ಲಿ ಸಣ್ಣ ದೋಷಗಳು ಕಣ್ಣಿಗೆ ಬೀಳುವುದಿಲ್ಲ. ಎಮರಾಲ್ಡ್ ಕಟ್ಟಿನಲ್ಲಿ ಮಿನುಗು ಕಡಿಮೆ. ಅಗಲವಾದ ಮುಖಗಳ ಮೂಲಕ ತಿಳಿನೀರಿನ ತಳ ಕಾಣುವಂತೆ ಹರಳಿನ ಒಳಗೆಲ್ಲ ಕಾಣುತ್ತದೆ. ಸ್ವಚ್ಛವಾದ ಹರಳಾದರೆ ಅದೇ ಅದರ ಸೊಬಗು. ಚುಕ್ಕೆಯಿದ್ದರೆ ಅದನ್ನು ಮರೆಮಾಡಲು ಅಲ್ಲಿ ಏನೂ ಇಲ್ಲ. ಈ ಆಕಾರದ ವಜ್ರವನ್ನು ಕೊಳ್ಳುವವರು ಮೊದಲು ಅರಿಯಬೇಕಾದುದು ಇದನ್ನೇ.

ಆದ್ದರಿಂದ ಗಾತ್ರಕ್ಕಿಂತ ಸ್ವಚ್ಛತೆಗೆ ಮೊದಲ ಸ್ಥಾನ ಕೊಡುವುದು ಲೇಸು. ಪ್ರಮಾಣಪತ್ರದಲ್ಲಿ ‘ವಿ.ಎಸ್. 2’ ಅಥವಾ ಅದಕ್ಕೂ ಮೇಲಿನ ದರ್ಜೆಯಿದ್ದರೆ ಸಾಮಾನ್ಯವಾಗಿ ಬರಿಗಣ್ಣಿಗೆ ದೋಷ ಕಾಣದು. ಬಣ್ಣದ ದರ್ಜೆ ‘ಡಿ’ಯಿಂದ ‘ಜೆಡ್’ವರೆಗೆ ಇಳಿಯುತ್ತದೆ, ‘ಡಿ’ ಎಂದರೆ ಬಣ್ಣವೇ ಇಲ್ಲದ್ದು. ಈ ಕಟ್ಟಿನಲ್ಲಿ ಹಳದಿಯ ಛಾಯೆಯೂ ಬೇಗ ತೋರುವುದರಿಂದ ಪ್ಲಾಟಿನಂ ಅಥವಾ ಬಿಳಿ ಚಿನ್ನದಲ್ಲಿ ಕೂರಿಸುವುದಾದರೆ ‘ಎಚ್’ ಅಥವಾ ಅದಕ್ಕಿಂತ ಮೇಲಿನದು ಒಳ್ಳೆಯದು; ಹಳದಿ ಚಿನ್ನದಲ್ಲಾದರೆ ಒಂದೆರಡು ದರ್ಜೆ ಕೆಳಗಿಳಿದರೂ ನಡೆದೀತು. ಉದ್ದವು ಅಗಲದ ಒಂದೂಕಾಲರಿಂದ ಒಂದೂವರೆ ಪಟ್ಟಿನೊಳಗೆ ಇದ್ದರೆ ಬೆರಳಿಗೆ ಒಪ್ಪುತ್ತದೆ. ಮೇಲಿನಿಂದ ನೋಡಿದಾಗ ಮೆಟ್ಟಿಲುಗಳ ಗೆರೆಗಳು ಸಮಾನಾಂತರವಾಗಿ ಓಡಬೇಕು. ಹರಳು ತೀರ ತೆಳ್ಳಗಿದ್ದರೆ ನಡುಭಾಗ ಗಾಜಿನಂತೆ ಆಚೆಗೆ ತೋರುತ್ತದೆ. ತೀರ ಆಳವಾಗಿದ್ದರೆ ತೂಕವೆಲ್ಲ ಕೆಳಗೆ ಅಡಗಿ, ಹಣ ತೆತ್ತಷ್ಟು ದೊಡ್ಡದಾಗಿ ಕಾಣುವುದಿಲ್ಲ. ಅಂಗಡಿಯ ದೀಪದಡಿ ಎಲ್ಲ ಹರಳುಗಳೂ ಚೆಂದ. ಕಿಟಕಿಯ ಬೆಳಕಿಗೆ ತಂದು ನೋಡಲು ಸಂಕೋಚಪಡಬಾರದು.

ಇನ್ನು ಕಾಗದಪತ್ರಗಳ ವಿಚಾರ. ವಜ್ರಕ್ಕೆ ಮಾನ್ಯ ಪ್ರಯೋಗಾಲಯದ ಪ್ರಮಾಣಪತ್ರವನ್ನು ಕೇಳಿ ಪಡೆಯಬೇಕು. ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ, ಅಂದರೆ 100 ಸೆಂಟ್. ರಸೀದಿಯಲ್ಲಿ ಹರಳಿನ ತೂಕ ಮತ್ತು ಚಿನ್ನದ ತೂಕ ಬೇರೆ ಬೇರೆಯಾಗಿ ನಮೂದಾಗಿರಬೇಕು. ಉಂಗುರದ ಮೇಲಿನ ಹಾಲ್‌ಮಾರ್ಕ್ ಚಿನ್ನದ ಶುದ್ಧತೆಯನ್ನಷ್ಟೇ ಹೇಳುತ್ತದೆ, ಹರಳಿನದನ್ನಲ್ಲ. ವಜ್ರದ ಒಡವೆಗಳಿಗೆ ಹೆಚ್ಚಾಗಿ ಬಳಸುವ 18 ಕ್ಯಾರೆಟ್ ಚಿನ್ನಕ್ಕೆ 750 ಎಂಬ ಗುರುತಿರುತ್ತದೆ. 2021ರಿಂದ ಹಾಲ್‌ಮಾರ್ಕಿನಲ್ಲಿ ಆರು ಅಕ್ಷರ-ಅಂಕಿಗಳ ಗುರುತುಸಂಖ್ಯೆಯೂ ಸೇರಿದ್ದು, ಅದನ್ನು ‘ಬಿ.ಐ.ಎಸ್. ಕೇರ್’ ಆ್ಯಪ್‌ನಲ್ಲಿ ನಾವೇ ಪರಿಶೀಲಿಸಬಹುದು.

ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರಗಳೂ ಈಗ ಹೇರಳವಾಗಿ ಬಂದಿವೆ. ಅವು ಗಾಜಲ್ಲ, ನಕಲಿಯೂ ಅಲ್ಲ. ಗಣಿಯ ವಜ್ರದಂತೆಯೇ ಇಂಗಾಲದ ಹರಳುಗಳು. ಬೆಲೆ ಬಹಳ ಕಡಿಮೆ. ಆದರೆ ಮರಳಿ ಮಾರುವಾಗ ಬರುವುದೂ ಅತ್ಯಲ್ಪ. ತಿಳಿದು ಕೊಂಡರೆ ತಪ್ಪೇನಿಲ್ಲ. ಯಾವುದನ್ನು ಕೊಳ್ಳುತ್ತಿದ್ದೇವೆ ಎಂಬುದು ರಸೀದಿಯಲ್ಲಿ ಸ್ಪಷ್ಟವಾಗಿರಬೇಕು, ಬೀಗರಿಗೂ ಮುಚ್ಚುಮರೆಯಿಲ್ಲದೆ ತಿಳಿದಿರಬೇಕು. ಸಂಬಂಧ ಬೆಳೆಸುವ ವಸ್ತುವಿನ ವಿಷಯದಲ್ಲಿ ಸುಳ್ಳು ಸೇರಬಾರದು.

ಉಂಗುರ ತೊಡುವವಳ ದಿನಚರಿಯನ್ನೂ ನೆನೆಯಬೇಕು. ಹರಳು ತೀರ ಎತ್ತರಕ್ಕೆ ಕುಳಿತಿದ್ದರೆ ಸೀರೆಯ ಎಳೆಗೆ ಸಿಕ್ಕಿಕೊಳ್ಳುತ್ತದೆ. ನಾಲ್ಕೂ ಮೂಲೆಗಳಲ್ಲಿ ಗಟ್ಟಿಯಾದ ಹಿಡಿತವಿರಲಿ. ರೊಟ್ಟಿ ಬಡಿಯುವಾಗ, ಹಿಟ್ಟು ನಾದುವಾಗ ತೆಗೆದಿಡುವುದು ಕ್ಷೇಮ. ಉಗುರುಬೆಚ್ಚನೆಯ ಸಾಬೂನಿನ ನೀರು ಮತ್ತು ಮೃದುವಾದ ಬ್ರಷ್ ಸ್ವಚ್ಛಗೊಳಿಸಲು ಸಾಕು. ವಜ್ರ ಇತರ ಒಡವೆಗಳನ್ನು ಗೀಚುವುದರಿಂದ ಬೇರೆ ಡಬ್ಬಿಯಲ್ಲಿಡಬೇಕು.

ಆ ದಿನ ಅಂಗಡಿಯವರು ಎರಡು ಹರಳುಗಳನ್ನು ಮುಂದಿಟ್ಟಿದ್ದರು: ಒಂದು ಕ್ಯಾರೆಟ್ಟಿನದೊಂದು, 60 ಸೆಂಟಿನದೊಂದು. ಹುಡುಗ ಸಾಲ ಮಾಡಿಯಾದರೂ ದೊಡ್ಡದನ್ನೇ ಕೊಡಬೇಕೆಂದಿದ್ದ. ಚಿಕ್ಕದನ್ನು ಕೊಟ್ಟರೆ ಬೀಗರು ಏನೆಂದಾರೋ ಎಂಬ ಅಳುಕು ಅವನ ತಂದೆಗೂ ಇತ್ತು. ಆಯುಷ್ಯವಿಡೀ ಅಕ್ಕಿ-ಬೇಳೆ ಆರಿಸಿದ ಅಜ್ಜಿ ದೊಡ್ಡ ಹರಳನ್ನು ಬಾಗಿಲ ಬೆಳಕಿಗೆ ಹಿಡಿದು, “ಇದರಾಗ ಕರೀ ಚುಕ್ಕಿ ಐತಿ” ಎಂದರು. ಭೂತಗನ್ನಡಿಯಲ್ಲಿ ನೋಡಿದರೆ ನಿಜವಾಗಿಯೂ ಇತ್ತು. ಅಂಗಡಿಯವರು ಅದನ್ನು ಅಲ್ಲಗಳೆಯಲಿಲ್ಲ. ಪ್ರಮಾಣಪತ್ರದಲ್ಲಿಯೂ ಅದು ಬರೆದಿತ್ತು, ನಾವು ಓದಿರಲಿಲ್ಲ ಅಷ್ಟೆ.

ಆಗ ಅದುವರೆಗೆ ಸುಮ್ಮನಿದ್ದ ಹುಡುಗಿ ಚಿಕ್ಕದನ್ನು ಬೆರಳಿಗಿಟ್ಟುಕೊಂಡು, “ನನಗಿದು ಸಾಕ್ರಿ. ಸಾಲದ ಕಂತು ಮುಂದ ನಾವಿಬ್ಬರೂ ಸೇರಿ ಕಟ್ಟೋದಲ್ಲೇನ್ರಿ?” ಎಂದಳು. ಹುಡುಗನ ತಂದೆಯ ಮುಖದ ಬಿಗುವು ಸಡಿಲಿತು. ಅಂದು ಕೊಂಡದ್ದು ಆ ಚಿಕ್ಕ ಹರಳಿನ ಉಂಗುರವನ್ನೇ. ನಿಶ್ಚಿತಾರ್ಥದ ದಿನ ಬಂದವರಲ್ಲಿ ಅದರ ತೂಕವನ್ನು ಯಾರೂ ಕೇಳಲಿಲ್ಲ.