ಕಥೆಯೂ ಒಂದು ದತ್ತಿ

ಮಡಕಶಿರಾ ಸೀಮೆಯ ಹೇಮಾವತಿಯೇ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ಹಳೆಯ ಕನ್ನಡ ದಾನಶಾಸನಗಳನ್ನು ಓದಿದವರಿಗೆ ಅವುಗಳಲ್ಲಿ ಒಂದು ಕ್ರಮ ಎದ್ದು ಕಾಣುತ್ತದೆ. ಕೊಟ್ಟವರು ಯಾರು, ಪಡೆದವರು ಯಾರು, ಕೊಟ್ಟದ್ದು ಯಾವುದು, ಅದರ ಎಲ್ಲೆ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಕಲ್ಲಿನಲ್ಲಿ ಕೊರೆದು, ಕೊನೆಗೆ ಆ ದಾನವನ್ನು ಅಳಿದವರಿಗೆ ಶಾಪವನ್ನೂ ಬರೆದಿಡುತ್ತಿದ್ದರು. ಕೊಡುವ ಮನಸ್ಸು ಎಷ್ಟೇ ದೊಡ್ಡದಾಗಿರಲಿ, ಕೊಟ್ಟದ್ದು ಬಾಳಬೇಕಾದರೆ ಬರಹ ಬೇಕೆಂಬುದನ್ನು ಹಿಂದಿನವರು ಅರಿತಿದ್ದರು.

ಹೊಲ, ಕೆರೆ, ತೋಟ, ಹೊನ್ನುಗಳನ್ನು ದತ್ತಿ ಬಿಟ್ಟ ಈ ನಾಡಿನಲ್ಲಿ ಒಂದು ಕಥೆಯನ್ನೂ ದತ್ತಿ ಬಿಡಬಹುದೇ? ಅದರಲ್ಲಿಯೂ ಹಾರುವ ಹುಡುಗ, ಮಾತನಾಡುವ ಯಂತ್ರ, ಗಾಳಿಯಲ್ಲಿ ತೇಲುವ ಊರು ಇಂಥವುಗಳಿಂದ ತುಂಬಿದ, ಹಿರಿಯರು ಮಕ್ಕಳಾಟವೆಂದು ಬದಿಗೆ ಸರಿಸುವ ಕಲ್ಪನೆಯ ಕಥೆಯನ್ನು? ಬಿಡಬಹುದು. ಅಂಥ ಕಥೆಗಳು ಆಸ್ಪತ್ರೆಗೆ ನೆರವಾಗಿವೆ, ಸಾಲ ತೀರಿಸಿವೆ, ಕಡಲು ನುಗ್ಗಿ ಮನೆ ಕಳೆದುಕೊಂಡವರ ಕಡೆಗೂ ಕೈ ಚಾಚಿವೆ. ಗಡಿಭಾಗದ ಕನ್ನಡ ಶಾಲೆಗಳ ಕುಟುಂಬಗಳು ಈ ವೃತ್ತಾಂತವನ್ನು ತಿಳಿದುಕೊಳ್ಳುವುದರಲ್ಲಿ ಪ್ರಯೋಜನವಿದೆ.

ಹಾರುವ ಹುಡುಗ ಮತ್ತು ಮಕ್ಕಳ ಆಸ್ಪತ್ರೆ

ಲಂಡನ್ ನಗರದ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆ 1852ರಲ್ಲಿ ಕೇವಲ ಹತ್ತು ಹಾಸಿಗೆಗಳೊಂದಿಗೆ ಆರಂಭವಾಯಿತು. ಆಸ್ಪತ್ರೆಯ ಕೈ ಬರಿದಾಗಿದ್ದ ಕಾಲದಲ್ಲಿ, 1858ರಲ್ಲಿ, ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ತಮ್ಮ ಕ್ರಿಸ್ಮಸ್ ಭೂತಗಳ ಕಥೆಯನ್ನು ಸಾರ್ವಜನಿಕವಾಗಿ ಓದಿ ಅದಕ್ಕೆ ಹಣ ಕೂಡಿಸಿಕೊಟ್ಟರು.

ಆದರೆ ಡಿಕನ್ಸ್ ಕೊಟ್ಟದ್ದು ಒಂದು ಸಂಜೆಯ ಗಳಿಕೆ. ಮರವನ್ನೇ ಕೊಟ್ಟವರು ಜೆ. ಎಂ. ಬ್ಯಾರಿ. ಎಂದಿಗೂ ದೊಡ್ಡವನಾಗಲು ಒಪ್ಪದ, ಕಿಟಕಿಯಿಂದ ಹಾರಿಬರುವ ಹುಡುಗ ಪೀಟರ್ ಪ್ಯಾನ್‌ನ ನಾಟಕ ಲಂಡನ್ನಿನ ರಂಗಭೂಮಿಗೆ ಬಂದದ್ದು 1904ರ ಡಿಸೆಂಬರ್ 27ರಂದು. ಅದರ ಕಾದಂಬರಿ ರೂಪ 1911ರಲ್ಲಿ ಪ್ರಕಟವಾಯಿತು. 1929ರಲ್ಲಿ ಆಸ್ಪತ್ರೆಯ ವಿಸ್ತರಣೆಗೆ ನಿವೇಶನ ಕೊಳ್ಳುವ ಸಮಿತಿಯಲ್ಲಿ ಸದಸ್ಯರಾಗಬೇಕೆಂದು ಬ್ಯಾರಿಯವರನ್ನು ಕೇಳಲಾಯಿತು. ಸಮಿತಿಯ ಕೆಲಸ ತಮ್ಮಿಂದಾಗದು, ಬೇರೆ ದಾರಿಯಲ್ಲಿ ನೆರವಾಗುವ ಆಸೆಯಿದೆ ಎಂಬುದು ಅವರ ಉತ್ತರವಾಗಿತ್ತು. ಎರಡು ತಿಂಗಳಲ್ಲಿ ಪೀಟರ್ ಪ್ಯಾನ್ ಕೃತಿಯ ಹಕ್ಕುಗಳನ್ನೇ ಆಸ್ಪತ್ರೆಗೆ ಬರೆದುಕೊಟ್ಟರು. ಅದರಿಂದ ಎಷ್ಟು ಹಣ ಬಂದಿತೆಂಬುದನ್ನು ಎಂದಿಗೂ ಹೊರಗೆಡಹಬಾರದೆಂಬುದು ಅವರ ಕೋರಿಕೆ. ಆಸ್ಪತ್ರೆ ಅದನ್ನು ಇಂದಿಗೂ ಪಾಲಿಸುತ್ತಿದೆ.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಬ್ಯಾರಿ 1937ರಲ್ಲಿ ತೀರಿಕೊಂಡರು. ಅಂದಿನ ಇಂಗ್ಲೆಂಡಿನ ಕಾಯಿದೆಯಂತೆ ಲೇಖಕನ ಮರಣಾನಂತರ ಐವತ್ತು ವರ್ಷಗಳವರೆಗೆ ಕೃತಿಸ್ವಾಮ್ಯ ಉಳಿಯುತ್ತಿದ್ದುದರಿಂದ, 1987ರ ಕೊನೆಗೆ ಆಸ್ಪತ್ರೆಯ ಹಕ್ಕು ಮುಗಿಯಿತು. ಆಗ ಮಾಜಿ ಪ್ರಧಾನಿ ಜೇಮ್ಸ್ ಕ್ಯಾಲಹನ್ ಮೇಲ್ಮನೆಯಲ್ಲಿ ಒಂದು ತಿದ್ದುಪಡಿಯನ್ನು ಮಂಡಿಸಿದರು. ಅವರ ಪತ್ನಿ ಹಿಂದೊಮ್ಮೆ ಆಸ್ಪತ್ರೆಯ ಆಡಳಿತ ಮಂಡಳಿಯ ಅಧ್ಯಕ್ಷೆಯಾಗಿದ್ದವರು. ಅದರ ಫಲವಾಗಿ 1988ರ ಕೃತಿಸ್ವಾಮ್ಯ ಕಾಯಿದೆಯ 301ನೆಯ ಕಲಮು ರೂಪುಗೊಂಡಿತು. ಬ್ರಿಟನ್ನಿನಲ್ಲಿ ಪೀಟರ್ ಪ್ಯಾನ್ ನಾಟಕವನ್ನು ಆಡಿದರೂ, ಅಚ್ಚು ಹಾಕಿದರೂ, ಪ್ರಸಾರ ಮಾಡಿದರೂ ಆಸ್ಪತ್ರೆಗೆ ಗೌರವಧನ ಸಲ್ಲಬೇಕು, ಅದಕ್ಕೆ ಕಾಲಮಿತಿಯಿಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ: ಆಸ್ಪತ್ರೆಗೆ ಉಳಿದದ್ದು ಹಣ ಪಡೆಯುವ ಹಕ್ಕು ಮಾತ್ರ, ಬೇರೆಯವರು ಕಥೆಯನ್ನು ಬಳಸದಂತೆ ತಡೆಯುವ ಹಕ್ಕಲ್ಲ. ಕಥೆ ಎಲ್ಲರಿಗೂ ತೆರೆದಿದೆ, ಅದರ ಫಲದಲ್ಲಿ ಒಂದು ಪಾಲು ಕಾಯಿಲೆಯ ಮಕ್ಕಳಿಗೆ ಮೀಸಲಾಗಿದೆ. ಒಬ್ಬ ಲೇಖಕನ ಔದಾರ್ಯಕ್ಕೆ ಒಂದು ದೇಶದ ಶಾಸನಸಭೆಯೇ ಕಾವಲು ನಿಂತ ಇಂಥ ಪ್ರಸಂಗ ಅಪರೂಪ.

ಉಗಿಯಂತ್ರದ ಕಾಲದ ಕನಸುಗಳು

ಕಲ್ಪನೆಯ ಕಥೆಗಳಲ್ಲಿ ಸ್ಟೀಮ್‌ಪಂಕ್ ಎಂಬ ಹೊಸ ಬಗೆಯೊಂದು ಈಚೆಗೆ ಹೆಸರು ಮಾಡಿದೆ. ವಿದ್ಯುತ್ತು, ಪೆಟ್ರೋಲು, ಕಂಪ್ಯೂಟರುಗಳ ಬದಲು ಉಗಿ, ಹಲ್ಲುಗಾಲಿ, ಹಿತ್ತಾಳೆಯ ಕೊಳವೆಗಳಿಂದಲೇ ಲೋಕವೆಲ್ಲ ನಡೆದಿದ್ದರೆ ಹೇಗಿರುತ್ತಿತ್ತು ಎಂಬ ಊಹೆಯೇ ಇದರ ಬುಡ. ಈ ಹೆಸರನ್ನು 1987ರಲ್ಲಿ ಅಮೆರಿಕದ ಲೇಖಕ ಕೆ. ಡಬ್ಲ್ಯು. ಜೀಟರ್ ಅರ್ಧ ಪರಿಹಾಸ್ಯದಿಂದ ಬಳಸಿದರು. 1990ರಲ್ಲಿ ವಿಲಿಯಂ ಗಿಬ್ಸನ್ ಮತ್ತು ಬ್ರೂಸ್ ಸ್ಟರ್ಲಿಂಗ್ ಜೊತೆಗೂಡಿ ಬರೆದ ಕಾದಂಬರಿಯೊಂದು ಇದನ್ನು ಜನಪ್ರಿಯಗೊಳಿಸಿತು. ಚಾರ್ಲ್ಸ್ ಬ್ಯಾಬೇಜ್ ಹತ್ತೊಂಬತ್ತನೆಯ ಶತಮಾನದಲ್ಲಿ ಯೋಜಿಸಿಯೂ ಪೂರ್ತಿಗೊಳಿಸಲಾಗದ ಲೆಕ್ಕದ ಯಂತ್ರ ಅಂದೇ ಪೂರ್ತಿಯಾಗಿದ್ದರೆ ಎಂಬುದು ಅದರ ವಸ್ತು. ಮರುವರ್ಷವೇ, 1991ರಲ್ಲಿ, ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದವರು ಬ್ಯಾಬೇಜ್ ಬಿಟ್ಟುಹೋದ ನಕ್ಷೆಗಳನ್ನು ಅನುಸರಿಸಿ ಅಂಥ ಯಂತ್ರವೊಂದನ್ನು ಕಟ್ಟಿದರು. ಅದು ಸರಿಯಾಗಿ ಲೆಕ್ಕ ಮಾಡಿತು.

ಹೆಸರು ಹೊಸದಾದರೂ ಇಂಥ ಊಹೆ ಭಾರತಕ್ಕೆ ಹೊಸದಲ್ಲ. ಪಂಚತಂತ್ರದ ನೇಕಾರನೊಬ್ಬನಿಗೆ ಬಡಗಿ ಮಿತ್ರನು ಮರದ ಯಂತ್ರಗರುಡನನ್ನು ಮಾಡಿಕೊಡುತ್ತಾನೆ. ಕೀಲು ತಿರುವಿದರೆ ಅದು ಆಕಾಶಕ್ಕೇರುತ್ತದೆ. ಮಗ್ಗದ ಊರಾದ ರಾಯದುರ್ಗದ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಯಂತ್ರಕಥೆ ಇನ್ನೊಂದಿರಲಾರದು.

ಆಧುನಿಕ ಕಾಲದಲ್ಲಿ ಇಂಥ ಕಥೆಯೊಂದು ಹೊರಬಂದದ್ದು ಮದ್ರಾಸಿನಿಂದ. ಬಂಗಾಳದ ಬೇಗಂ ರೊಕೇಯಾ ಸಖಾವತ್ ಹುಸೇನ್ ಇಂಗ್ಲಿಷಿನಲ್ಲಿ ಬರೆದ ‘ಸುಲ್ತಾನಾಳ ಕನಸು’ 1905ರಲ್ಲಿ ಮದ್ರಾಸಿನ ಮಹಿಳಾ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅನಂತಪುರ ಮತ್ತು ಬಳ್ಳಾರಿ ಅಂದು ಅದೇ ಮದ್ರಾಸ್ ಆಧಿಪತ್ಯದ ಜಿಲ್ಲೆಗಳಾಗಿದ್ದವು. ಆ ಕನಸಿನ ನಾಡಿನಲ್ಲಿ ಹೆಂಗಸರೇ ವಿಜ್ಞಾನಿಗಳು. ಸೂರ್ಯನ ಶಾಖವನ್ನು ಹಿಡಿದಿಟ್ಟು ಅಡುಗೆ ಮಾಡುತ್ತಾರೆ, ಮೋಡದಿಂದ ನೀರು ಸೆಳೆಯುತ್ತಾರೆ, ಗಾಳಿಬಂಡಿಯಲ್ಲಿ ಸಂಚರಿಸುತ್ತಾರೆ. ಮಳೆಯ ದಾರಿ ಕಾಯುವ ಅನಂತಪುರದ ಓದುಗರಿಗೆ ಮೋಡವನ್ನು ಕರೆಯುವ ಆ ಕಲ್ಪನೆಯ ರುಚಿ ಬೇಗ ತಿಳಿದೀತು.

ರೊಕೇಯಾ ಕನಸು ಕಂಡು ಸುಮ್ಮನಾಗಲಿಲ್ಲ. 1909ರಲ್ಲಿ ಪತಿ ತೀರಿಕೊಂಡ ಮೇಲೆ, ಹೆಣ್ಣುಮಕ್ಕಳ ಶಾಲೆಗೆಂದು ಅವರು ತೆಗೆದಿರಿಸಿದ್ದ ಹಣದಿಂದ ಭಾಗಲ್ಪುರದಲ್ಲಿ ಶಾಲೆ ತೆರೆದರು. 1911ರಲ್ಲಿ ಅದು ಎಂಟು ಮಂದಿ ವಿದ್ಯಾರ್ಥಿನಿಯರೊಂದಿಗೆ ಕಲ್ಕತ್ತೆಯಲ್ಲಿ ಮತ್ತೆ ಆರಂಭವಾಯಿತು. ಸಖಾವತ್ ಸ್ಮಾರಕ ಬಾಲಿಕಾ ಶಾಲೆ ಇಂದಿಗೂ ನಡೆಯುತ್ತಿದೆ. ಇಲ್ಲಿ ಕಥೆ ಹಣ ತರಲಿಲ್ಲ ನಿಜ. ಆದರೆ ಕಥೆ ಬರೆದ ಕೈಯೇ ಶಾಲೆಯನ್ನೂ ಕಟ್ಟಿತು.

ಹಲವರು ಕೂಡಿ ಕೊಟ್ಟ ಸಂಕಲನಗಳು

ಒಬ್ಬರ ದಾನದಿಂದ ಹಲವರ ದಾನಕ್ಕೆ ಬಂದಾಗ ಸಹಾಯಾರ್ಥ ಸಂಕಲನವೆಂಬ ಪದ್ಧತಿ ಕಾಣುತ್ತದೆ. ಕನ್ನಡನಾಡಿಗೆ ಸಹಾಯಾರ್ಥ ನಾಟಕದ ಪರಿಚಯ ಚೆನ್ನಾಗಿದೆ. ಶಾಲೆಯ ಕಟ್ಟಡಕ್ಕೋ ದೇವಸ್ಥಾನದ ಜೀರ್ಣೋದ್ಧಾರಕ್ಕೋ ಒಂದು ರಾತ್ರಿ ನಾಟಕವಾಡಿ ಟಿಕೆಟ್ಟಿನ ಹಣ ಒಪ್ಪಿಸುವುದು ಹಳೆಯ ರೂಢಿ. ತಾಡಪತ್ರಿಯಲ್ಲಿ 1880ರಲ್ಲಿ ಹುಟ್ಟಿದ ಬಳ್ಳಾರಿ ರಾಘವರು ತೆಲುಗು, ಕನ್ನಡ ರಂಗಗಳೆರಡರಲ್ಲೂ ಮೆರೆದ ನಟರು. ಜೀವನೋಪಾಯಕ್ಕೆ ವಕೀಲಿ ವೃತ್ತಿಯಿತ್ತು, ನಾಟಕ ಅವರಿಗೆ ಕಲೆಯ ಸೇವೆಯಾಗಿತ್ತು. ರಂಗದಲ್ಲಿ ನಡೆದದ್ದು ಪುಸ್ತಕದಲ್ಲಿ ನಡೆದರೆ ಅದೇ ಸಹಾಯಾರ್ಥ ಸಂಕಲನ: ಲೇಖಕರು ಸಂಭಾವನೆಯಿಲ್ಲದೆ ಕಥೆ ಕೊಡುತ್ತಾರೆ, ಗಳಿಕೆ ಗೊತ್ತುಪಡಿಸಿದ ಕಾರ್ಯಕ್ಕೆ ಹೋಗುತ್ತದೆ.

2004ರ ಡಿಸೆಂಬರ್ 26ರ ಸುನಾಮಿ ತಮಿಳುನಾಡು, ಆಂಧ್ರ, ಶ್ರೀಲಂಕಾ ಕರಾವಳಿಗಳನ್ನು ಬಡಿದಾಗ ಇಂಗ್ಲಿಷಿನ ವಿಜ್ಞಾನ ಕಥೆ ಮತ್ತು ಕಲ್ಪನಾಕಥೆಗಳ ಲೇಖಕರು ಒಟ್ಟುಗೂಡಿದರು. ಸ್ಟೀವನ್ ಸ್ಯಾವಿಲ್ ಮತ್ತು ಅಲೀಥಿಯಾ ಕಾಂಟಿಸ್ ಸಂಪಾದಿಸಿದ ‘ಎಲಿಮೆಂಟಲ್’ 2006ರಲ್ಲಿ ಪ್ರಕಟವಾಯಿತು. ಅದರ ಗಳಿಕೆಯನ್ನು ಸೇವ್ ದಿ ಚಿಲ್ಡ್ರನ್ ಸಂಸ್ಥೆಯ ಸುನಾಮಿ ಪರಿಹಾರಕ್ಕೆ ಮೀಸಲಿಡಲಾಯಿತು. ಮುನ್ನುಡಿ ಬರೆದವರು ಶ್ರೀಲಂಕೆಯಲ್ಲಿಯೇ ನೆಲೆಸಿದ್ದ ಆರ್ಥರ್ ಸಿ. ಕ್ಲಾರ್ಕ್.

ಇನ್ನೊಂದು ಪ್ರಸಂಗ ಅಮೆರಿಕದ್ದು. ಕಲ್ಪನಾಕಥೆಗಳ ಲೇಖಕ ಶಾನ್ ಸ್ಪೀಕ್‌ಮನ್ ಅವರಿಗೆ 2011ರಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತು. ಆರೋಗ್ಯ ವಿಮೆ ಇರಲಿಲ್ಲ. ಚಿಕಿತ್ಸೆಯ ಸಾಲ ಬೆಟ್ಟದಂತೆ ಬೆಳೆಯಿತು. ಟೆರಿ ಬ್ರೂಕ್ಸ್, ಪ್ಯಾಟ್ರಿಕ್ ರಾತ್‌ಫಸ್, ನವೋಮಿ ನೋವಿಕ್, ಟ್ಯಾಡ್ ವಿಲಿಯಮ್ಸ್ ಮೊದಲಾದ ಹೆಸರಾಂತರು ಒಂದೊಂದು ಕಥೆಯನ್ನು ಉಚಿತವಾಗಿ ಕೊಟ್ಟರು. 2013ರಲ್ಲಿ ‘ಅನ್‌ಫೆಟರ್ಡ್’ ಸಂಕಲನ ಹೊರಬಂದು ಆ ಸಾಲವನ್ನು ತೀರಿಸಿತು. ಸ್ಪೀಕ್‌ಮನ್ ಅಲ್ಲಿಗೆ ನಿಲ್ಲಿಸದೆ, ಅದೇ ಮಾಲೆಯ ಮುಂದಿನ ಸಂಪುಟಗಳನ್ನು ಆಸ್ಪತ್ರೆಯ ಸಾಲದಲ್ಲಿ ಸಿಲುಕಿದ ಇತರ ಲೇಖಕರ ನೆರವಿಗೆ ತಿರುಗಿಸಿದರು. ಪಡೆದವನು ಕೊಡುವವನಾದ.

ಕಾಗದದಲ್ಲಿ ಇರಬೇಕಾದ ಮಾತು

ಈ ಪ್ರಸಂಗಗಳಲ್ಲಿ ಔದಾರ್ಯದ ಜೊತೆಗೆ ಲಿಖಿತ ವ್ಯವಸ್ಥೆಯ ಪಾತ್ರವೂ ದೊಡ್ಡದು. ಬ್ಯಾರಿ ಬಾಯಿಮಾತಿನಲ್ಲಿ ಕೊಟ್ಟಿದ್ದರೆ ಆಸ್ಪತ್ರೆಗೆ ಇಂದು ಏನೂ ಉಳಿಯುತ್ತಿರಲಿಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆ ಈ ವಿಷಯದಲ್ಲಿ ಶಾಸನ ಬರೆಸಿದವರ ವಿವೇಕವನ್ನೇ ತೋರುತ್ತದೆ. ಅದರ 19ನೆಯ ಕಲಮಿನಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಕೃತಿ ಯಾವುದು, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ ಎಂಬುದು ಸ್ಪಷ್ಟವಾಗಿರಬೇಕು. ಕಾಲ ಬರೆಯದಿದ್ದರೆ ಐದು ವರ್ಷವೆಂದೂ, ಪ್ರದೇಶ ಬರೆಯದಿದ್ದರೆ ಭಾರತವೆಂದೂ ಕಾಯಿದೆ ತಾನೇ ಎಲ್ಲೆ ಹಾಕುತ್ತದೆ.

ಹಳೆಯ ಕಥೆಗಳನ್ನು ಸೇರಿಸಿಕೊಳ್ಳುವಾಗಲೂ ಎಚ್ಚರ ಬೇಕು. ಭಾರತದಲ್ಲಿ ಸಾಹಿತ್ಯ ಕೃತಿಯ ಸ್ವಾಮ್ಯ ಲೇಖಕರ ಜೀವಿತಕಾಲ ಮತ್ತು ಮರಣಾನಂತರ 60 ವರ್ಷ. ಮಕ್ಕಳಿಗಾಗಿ ಅಚ್ಚುಕಟ್ಟಾದ ಕನ್ನಡದಲ್ಲಿ ಕಥೆ ಹೇಳಿದ ಪಂಜೆ ಮಂಗೇಶರಾಯರು ಬ್ಯಾರಿ ತೀರಿಕೊಂಡ 1937ರಲ್ಲಿಯೇ ತೀರಿಕೊಂಡವರು. ಅವರ ಕೃತಿಗಳ ಸ್ವಾಮ್ಯ ಎಂದೋ ಮುಗಿದಿದೆ. ಯಾವ ಶಾಲೆಯಾದರೂ ಅವರ ಕಥೆಗಳನ್ನು ಅಚ್ಚು ಹಾಕಿಸಬಹುದು. ಆದರೆ ಜಿ. ಪಿ. ರಾಜರತ್ನಂ ತೀರಿಕೊಂಡದ್ದು 1979ರಲ್ಲಿ, ಕುವೆಂಪು 1994ರಲ್ಲಿ. ಅವರ ಕೃತಿಗಳಿಗೆ ಕ್ರಮವಾಗಿ 2039 ಮತ್ತು 2054ರ ಕೊನೆಯವರೆಗೆ ಅನುಮತಿ ಬೇಕು. ಉದ್ದೇಶ ಒಳ್ಳೆಯದೆಂಬ ಒಂದೇ ಕಾರಣಕ್ಕೆ ಪರರ ಕೃತಿಯನ್ನು ತೆಗೆದುಕೊಳ್ಳುವುದಕ್ಕೆ ಅವಕಾಶವಿಲ್ಲ.

ಮಕ್ಕಳೇ ಬರೆದ ಕಥೆಗಳಾದರೆ ಸ್ವಾಮ್ಯ ಆ ಮಕ್ಕಳದೇ. ಹದಿನೆಂಟು ತುಂಬದವರು ಕರಾರು ಮಾಡಿಕೊಳ್ಳಲಾರರಾದ್ದರಿಂದ ತಂದೆತಾಯಿ ಅಥವಾ ಪೋಷಕರ ಒಪ್ಪಿಗೆಯ ಸಹಿ ಪಡೆಯಬೇಕು. ಕಥೆಯ ಕೆಳಗೆ ಬರೆದ ಮಗುವಿನ ಹೆಸರು ಇರಲೇಬೇಕು. ಕರ್ತೃವೆಂದು ಗುರುತಿಸಲ್ಪಡುವ ಹಕ್ಕನ್ನು 57ನೆಯ ಕಲಮು ಪ್ರತ್ಯೇಕವಾಗಿ ಕಾಯುತ್ತದೆ. ಮಾರಾಟದ ಪೂರ್ತಿ ಹಣವೋ, ಅಚ್ಚಿನ ಖರ್ಚು ಕಳೆದು ಉಳಿದದ್ದೋ ಎಂಬುದನ್ನು ಪುಸ್ತಕದ ಮೊದಲ ಪುಟದಲ್ಲಿಯೇ ಮುದ್ರಿಸಿ, ವರ್ಷದ ಕೊನೆಗೆ ಲೆಕ್ಕವನ್ನು ಶಾಲೆಯ ಫಲಕದಲ್ಲಿ ಹಾಕಿದರೆ ಅನುಮಾನಕ್ಕೆ ಎಡೆಯಿರದು.

ನೇಮಕಲ್ಲಿನಿಂದ ಮಡಕಶಿರಾದವರೆಗೆ

ರಾಯದುರ್ಗ ತಾಲ್ಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಂಧ್ರ ರಾಜ್ಯ ಹುಟ್ಟಿದಾಗ ಎಲ್ಲೆ ಬದಲಾಯಿತು, ಮನೆಮಾತು ಬದಲಾಗಲಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ. ಆದರೆ ಯಾವ ವಿಧಿಯೂ ಮಗುವಿನ ಕೈಗೆ ತಾನಾಗಿ ಕಥೆಪುಸ್ತಕವನ್ನು ತಂದಿಡದು. ಪಠ್ಯಪುಸ್ತಕ ಮುಗಿದ ಮೇಲೆ ಓದಲು ಏನೂ ಸಿಗದ ಮಗುವಿಗೆ ಭಾಷೆ ಪರೀಕ್ಷೆಯ ವಿಷಯವಾಗಿ ಮಾತ್ರ ಉಳಿಯುತ್ತದೆ. ಅಂಥ ಮಗು ದೊಡ್ಡದಾದಾಗ ತನ್ನ ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುವುದೇ ಎಂಬುದು ಗಡಿಭಾಗದ ಪ್ರತಿಯೊಂದು ಶಾಲೆಯ ಅಳಿವು ಉಳಿವಿನ ಪ್ರಶ್ನೆ.

ಕಥೆಗೆ ಬೇಕಾದ ಸಾಮಗ್ರಿ ಸುತ್ತಲೇ ಇದೆ. ಕುವೆಂಪು ಇಂಗ್ಲಿಷ್ ಕವಿ ಬ್ರೌನಿಂಗನ ಜರ್ಮನ್ ಊರನ್ನು ತುಂಗೆಯ ದಡದ ಬೊಮ್ಮನಹಳ್ಳಿಯಾಗಿಸಿ ಕಿಂದರಿಜೋಗಿಯನ್ನು ಕನ್ನಡಿಗನನ್ನಾಗಿ ಮಾಡಿದರು. ನೇಮಕಲ್ಲು ಇರುವುದು ಬೊಮ್ಮನಹಾಳ್ ಮಂಡಲದಲ್ಲಿ. ಅಲ್ಲಿನ ಮಕ್ಕಳಿಗೆ ಜೋಗಿಯ ಊರು ದೂರವೆನಿಸದು. ಅದೇ ಮಂಡಲದ ದರ್ಗಾ ಹೊನ್ನೂರಿನ ಬಳಿ ವೇದಾವತಿಯ ಮರಳು ದಿಬ್ಬಗಳು ಮರುಭೂಮಿಯಂತೆ ಹಬ್ಬಿವೆ. ರಾಯದುರ್ಗದ ಬೆಟ್ಟದ ಕೋಟೆ, ಹೇಮಾವತಿಯ ನೊಳಂಬ ಶಿಲ್ಪ, ಬಳ್ಳಾರಿಯಿಂದ ಬರುತ್ತಿದ್ದ ಹಳೆಯ ಉಗಿಬಂಡಿ, ಅಜ್ಜಂದಿರು ಹೇಳುವ ಬರಗಾಲದ ಮಾತು, ಇವುಗಳಲ್ಲಿ ಯಾವುದಕ್ಕಾದರೂ ಒಂದು ಕೀಲು ಜೋಡಿಸಿದರೆ ಯಂತ್ರಗರುಡ ಮೇಲೇರುತ್ತದೆ.

ನಾಲ್ಕಾರು ಶಾಲೆಗಳು ಸೇರಿ, ತಲಾ ಐದಾರು ಮಕ್ಕಳ ಕಥೆಗಳನ್ನು ಆಯ್ದು, ಶಿಕ್ಷಕರು ತಿದ್ದಿಕೊಟ್ಟು, ಊರಿನ ಮುದ್ರಣಾಲಯದಲ್ಲಿ ಇನ್ನೂರು ಪ್ರತಿ ಅಚ್ಚು ಹಾಕಿಸುವುದು ಅಸಾಧ್ಯದ ಕೆಲಸವಲ್ಲ. ಜಾತ್ರೆಯಲ್ಲಿಯೂ ರಾಜ್ಯೋತ್ಸವದ ಸಭೆಯಲ್ಲಿಯೂ ಮಾರಿದ ಹಣ ಶಾಲೆಯ ಪುಸ್ತಕದ ಕಪಾಟಿಗೆ ಹೋಗಲಿ. ಮೊತ್ತ ಚಿಕ್ಕದಿರಬಹುದು. ಆದರೆ ತನ್ನ ಕಥೆಯಿಂದ ಕೊಂಡ ಪುಸ್ತಕವನ್ನು ತನ್ನ ತಂಗಿ ಓದುವುದನ್ನು ಕಂಡ ಮಗುವಿಗೆ ಕನ್ನಡವು ಪಡೆದ ಸೊತ್ತು ಮಾತ್ರವಲ್ಲ, ತಾನು ಕೊಟ್ಟ ದತ್ತಿಯೂ ಆಗುತ್ತದೆ. ಒಪ್ಪಿಗೆಯ ಕಾಗದಗಳನ್ನು ಮುಖ್ಯೋಪಾಧ್ಯಾಯರ ಕಪಾಟಿನಲ್ಲಿ ಜೋಪಾನವಾಗಿ ಇಡಬೇಕು.